ಬೀದರ್–ಬೆಂಗಳೂರು ಸ್ಟಾರ್ ಏರ್: ವಿಮಾನ ಇಷ್ಟ ಆಯ್ತು, ಇನ್ನು ನಿಲ್ಲಿಸದೆ ಓಡಿಸಲಿ

ಮೊದಲೇ ಹೇಳಿಬಿಡುತ್ತೇನೆ. ಸ್ಟಾರ್ ಏರ್ ವಿಮಾನ ಚೆನ್ನಾಗಿದೆ. ಸಿಬ್ಬಂದಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬೀದರಿನಲ್ಲಿ ಹತ್ತಿದರೆ ಒಂದೂಕಾಲು ಗಂಟೆ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಇಳಿಯಬಹುದು. ಇಷ್ಟಕ್ಕೆ ಮಾತ್ರ ಅಂಕ ಕೊಡಬೇಕೆಂದರೆ ಯೋಚನೆ ಮಾಡದೆ ಐದಕ್ಕೆ ಐದು ಕೊಡುತ್ತೇನೆ. ಆದರೆ ಈ ವಿಮಾನದ ಬಗ್ಗೆ ನಮ್ಮ ಊರಲ್ಲಿ ಯಾರನ್ನಾದರೂ ಮಾತಾಡಿಸಿ ನೋಡಿ. ಸೀಟು ಹೇಗಿದೆ, ಟಿಕೆಟ್ ಎಷ್ಟು ಅಂತ ಮೊದಲು ಕೇಳುವುದಿಲ್ಲ. "ಇದು ಎಷ್ಟ್ ದಿನ ಇರ್ತದ?" ಅಂತ ಕೇಳುತ್ತಾರೆ. ಈ ರಿವ್ಯೂ ಬರೆಯಬೇಕು ಅನ್ನಿಸಿದ್ದೇ ಆ ಪ್ರಶ್ನೆಯಿಂದ.

ಆ ಪ್ರಶ್ನೆ ಸುಮ್ನೆ ಬಂದಿದ್ದಲ್ಲ. ಬೀದರಿನಲ್ಲಿ ವಾಯುಪಡೆಯ ನಿಲ್ದಾಣ ಇದೆ, ಪೈಲಟ್‌ಗಳಿಗೆ ತರಬೇತಿ ಕೊಡುವ ಜಾಗ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಅಂದರೆ ತಲೆ ಮೇಲೆ ವಿಮಾನ ಹಾರುವ ಸದ್ದು ಕೇಳುತ್ತಲೇ ನಾವೆಲ್ಲ ಬೆಳೆದವರು. ನಮಗೆ ಹತ್ತುವುದಕ್ಕೆ ಮಾತ್ರ ಒಂದು ವಿಮಾನ ಇರಲಿಲ್ಲ. ಚಿದ್ರಿ ಹತ್ತಿರ ಸಾರ್ವಜನಿಕರಿಗೆ ಅಂತ ಟರ್ಮಿನಲ್ ಕಟ್ಟಿ ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದರು. ಕಾರಣ ಹೈದರಾಬಾದ್. ಶಂಶಾಬಾದ್ ವಿಮಾನ ನಿಲ್ದಾಣ ಕಟ್ಟುವಾಗ ಮಾಡಿಕೊಂಡ ಒಪ್ಪಂದದಲ್ಲಿ, ಅದರ ಸುತ್ತ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರಬಾರದು ಅನ್ನುವ ಷರತ್ತು ಇತ್ತು. ಬೀದರ್ ಆ ಗೆರೆಯ ಒಳಗೆ ಸಿಕ್ಕಿಬಿತ್ತು. ಕೊನೆಗೆ ಶಂಶಾಬಾದ್ ನಿಲ್ದಾಣ ನಡೆಸುವ ಜಿಎಂಆರ್ ಕಂಪನಿಯೇ ಬೀದರ್ ಟರ್ಮಿನಲ್ ನಡೆಸಲು ಒಪ್ಪಿಕೊಂಡ ಮೇಲೆ ಬೀಗ ತೆಗೆಯಿತು.

2020ರ ಫೆಬ್ರುವರಿ 7ರಂದು ಮೊದಲ ವಿಮಾನ ಬಂತು. ಆಗ ಮುಖ್ಯಮಂತ್ರಿ ಆಗಿದ್ದ ಯಡಿಯೂರಪ್ಪನವರು ಉದ್ಘಾಟನೆ ಮಾಡಿದರು. ಓಡಿಸಿದ್ದು ಟ್ರೂಜೆಟ್, ಹೈದರಾಬಾದಿನ ಕಂಪನಿ, ಫ್ಯಾನ್ ಇರುವ ಎಟಿಆರ್ ವಿಮಾನ. ಒಂದೂವರೆ ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್ ಬಂತು, ದೇಶದ ವಿಮಾನಗಳೆಲ್ಲ ನಿಂತವು. ಟ್ರೂಜೆಟ್ ಆಮೇಲೆ ಸುಧಾರಿಸಿಕೊಳ್ಳಲೇ ಇಲ್ಲ, 2022ರ ಆರಂಭದಲ್ಲಿ ಕಂಪನಿಯ ಹಾರಾಟವೇ ಬಂದ್ ಆಯಿತು. ಅದೇ ವರ್ಷ ಜೂನ್‌ನಲ್ಲಿ ಸ್ಟಾರ್ ಏರ್ ಬಂತು. 2023ರ ಕೊನೆಯಲ್ಲಿ ಅದೂ ನಿಂತಿತು. ಒಂದು ವರ್ಷಕ್ಕಿಂತ ಜಾಸ್ತಿ ಟರ್ಮಿನಲ್ ಖಾಲಿ. ಊರಿನವರು, ವ್ಯಾಪಾರಸ್ಥರು, ಜನಪ್ರತಿನಿಧಿಗಳು ಎಲ್ಲರೂ ಹಿಂದೆ ಬಿದ್ದರು, ನಷ್ಟದ ಭಾಗ ತುಂಬಿಕೊಡಲು ರಾಜ್ಯ ಸರ್ಕಾರ ಮುಂದೆ ಬಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಐದು ವರ್ಷದಲ್ಲಿ ಒಂದೇ ರೂಟಿಗೆ ಮೂರು ಸಲ ಉದ್ಘಾಟನೆಯ ಸಂಭ್ರಮ. ಜನ "ಎಷ್ಟ್ ದಿನ" ಅಂತ ಕೇಳದೆ ಇನ್ನೇನು ಕೇಳುತ್ತಾರೆ?

ಈಗ ವಿಮಾನದ ವಿಷಯ.

ಸ್ಟಾರ್ ಏರ್ ಕೊಲ್ಲಾಪುರ ಕಡೆಯ ಸಂಜಯ್ ಘೋಡಾವತ್ ಗ್ರೂಪ್‌ನದು. 2019ರ ಜನವರಿಯಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರು, ತಿರುಪತಿ ಕಡೆಗೆ ಹಾರಾಟ ಶುರು ಮಾಡಿದರು. ಆಮೇಲೆ ಬೆಳಗಾವಿ, ಕಲಬುರಗಿ, ಬೀದರ್, ಶಿವಮೊಗ್ಗ ಅಂತ ಬೆಳೆಯುತ್ತಾ ಹೋದರು. ಇವರ ಹತ್ತಿರ ಎರಡು ಥರದ ವಿಮಾನ ಇವೆ, ಎರಡೂ ಬ್ರೆಜಿಲ್‌ನ ಎಂಬ್ರೇರ್ ಕಂಪನಿಯ ಜೆಟ್. ಒಂದು 50 ಸೀಟಿನ ಇಆರ್‌ಜೆ-145. ಇನ್ನೊಂದು 76 ಸೀಟಿನ ಇ-175, ಅದರಲ್ಲಿ 12 ಬಿಸಿನೆಸ್, 64 ಎಕಾನಮಿ. ಎರಡರಲ್ಲೂ ಕುಳಿತಿದ್ದೇನೆ. ಎರಡರಲ್ಲೂ ನಡುವಿನ ಸೀಟು ಅನ್ನುವುದೇ ಇಲ್ಲ. ದೊಡ್ಡ ವಿಮಾನಗಳಲ್ಲಿ ಇಬ್ಬರ ಮಧ್ಯೆ ಮೊಣಕೈ ಮಡಚಿಕೊಂಡು ಕುಳಿತವರಿಗೆ ಇದೊಂದೇ ಸಾಕು, ದುಡ್ಡು ವಸೂಲ್.

ಚಿಕ್ಕದರಲ್ಲಿ ಎಡಗಡೆ ಒಂದು ಸೀಟು, ಬಲಗಡೆ ಎರಡು. ಸಿಕ್ಕರೆ ಎಡಗಡೆಯ 'ಎ' ಸೀಟು ತೆಗೆದುಕೊಳ್ಳಿ. ಕಿಟಕಿಯೂ ನಿಮ್ಮದೇ, ಓಡಾಡುವ ದಾರಿಯೂ ನಿಮ್ಮದೇ, ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಆ ಕಡೆ ಮೇಲೆ ಸಾಮಾನು ಇಡುವ ಗೂಡು ಇರುವುದಿಲ್ಲ, ಗೂಡು ಇರುವುದು ಬಲಗಡೆ ಮಾತ್ರ, ಅದೂ ಚಿಕ್ಕದು. ಗಾಲಿ ಇರುವ ಟ್ರಾಲಿ ಬ್ಯಾಗ್ ಅದರಲ್ಲಿ ಹಿಡಿಸುವುದು ಕಷ್ಟ. ಮೆಟ್ಟಿಲ ಹತ್ತಿರವೇ ಇಸ್ಕೊಂಡು, ಒಂದು ಚೀಟಿ ಕಟ್ಟಿ ಕೆಳಗೆ ಹಾಕುತ್ತಾರೆ. ಹಾಗಾಗಿ ಲ್ಯಾಪ್‌ಟಾಪ್, ಔಷಧಿ, ಕಾಗದಪತ್ರ ಇವೆಲ್ಲ ಬೇರೆ ಸಣ್ಣ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಮೆಟ್ಟಿಲ ಹತ್ತಿರ ಬ್ಯಾಗ್ ಬಿಚ್ಚಿ ಹುಡುಕುವ ಗಡಿಬಿಡಿ ಬೇಡ. ಎತ್ತರದವರು ತಲೆ ಬಗ್ಗಿಸಿ ನಡೆಯಬೇಕು. ಎಂಜಿನ್ ಎರಡೂ ಬಾಲದ ಹತ್ತಿರ ಇವೆ, ಹಾಗಾಗಿ ಹಿಂದಿನ ಸಾಲುಗಳಲ್ಲಿ ಸದ್ದು ಜಾಸ್ತಿ, ಮುಂದೆ ಕುಳಿತರೆ ಮೆತ್ತಗೆ ಮಾತಾಡಿದರೂ ಕೇಳಿಸುತ್ತೆ.

ಇ-175 ಬೇರೆಯೇ ಲೆಕ್ಕ. ಎಕಾನಮಿಯಲ್ಲಿ ಎರಡು-ಎರಡು ಸೀಟು. ಎಂಜಿನ್ ರೆಕ್ಕೆ ಕೆಳಗೆ. ನೆಟ್ಟಗೆ ನಿಲ್ಲಬಹುದು, ಮೇಲಿನ ಗೂಡು ಎರಡೂ ಕಡೆ ಇದೆ, ಮಾಮೂಲಿ ಟ್ರಾಲಿ ಆರಾಮಾಗಿ ಹೋಗುತ್ತೆ. ಕಿಟಕಿಗಳು ದೊಡ್ಡವು. ಗಂಡ-ಹೆಂಡತಿ, ತಾಯಿ-ಮಗ ಹೀಗೆ ಇಬ್ಬರೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಬಿಸಿನೆಸ್ ಸೀಟಿಗೆ ಜಾಸ್ತಿ ದುಡ್ಡು ಕೊಡಬೇಕಾ ಅಂತ ಕೇಳಿದರೆ, ಇಷ್ಟು ಹೊತ್ತಿನ ಪ್ರಯಾಣಕ್ಕೆ ಬೇಡ ಅನ್ನುತ್ತೇನೆ. ತಿಂಡಿ-ತೀರ್ಥದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಮನೆಯಲ್ಲಿ ಊಟ ಮಾಡಿಕೊಂಡು ಹೋಗಿ.

ನನ್ನ ಅವ್ವನನ್ನು ಕರೆದುಕೊಂಡು ಬಂದಾಗ ಈ ವಿಮಾನದ ಬೆಲೆ ಸರಿಯಾಗಿ ಗೊತ್ತಾಯಿತು. ಅವ್ವನಿಗೆ ಮೊಣಕಾಲು ನೋವು. ಬೆಂಗಳೂರಿಗೆ ಸುಮಾರು 700 ಕಿ.ಮೀ. ದಾರಿ. ರೈಲಿನಲ್ಲಿ ಒಂದು ರಾತ್ರಿ ಪೂರ್ತಿ, ಕೆಳಗಿನ ಬರ್ತ್ ಸಿಗದಿದ್ದರೆ ಯಾರ ಹತ್ತಿರವಾದರೂ ಕೈಮುಗಿದು ಬದಲಾಯಿಸಿಕೊಳ್ಳಬೇಕು. ಬಸ್ಸಾದರೆ ಸ್ಲೀಪರ್ ಹತ್ತುವುದೇ ದೊಡ್ಡ ಸಾಹಸ, ರಾತ್ರಿ ಢಾಬಾದಲ್ಲಿ ಇಳಿದು ಹತ್ತುವುದು ಇನ್ನೂ ಕಷ್ಟ. ಬೀದರ್ ನಿಲ್ದಾಣದಲ್ಲಿ ಗಾಲಿಕುರ್ಚಿ ತಂದ ಹುಡುಗ ನಮ್ಮ ಕಡೆಯವನೇ. ಮೆಟ್ಟಿಲ ಹತ್ತಿರ ಕೈ ಹಿಡಿದು "ಸಾವಕಾಶ ಹತ್ರಿ ಅವ್ವಾರೆ, ಗಡಿಬಿಡಿ ಏನಿಲ್ಲ" ಅಂದ. ಹಿಂದೆ ನಿಂತ ಜನರೂ ಗೊಣಗಲಿಲ್ಲ. ಒಳಗಿದ್ದ ಗಗನಸಖಿ ಅವ್ವನ ಬೆಲ್ಟ್ ತಾವೇ ಹಾಕಿ, ಕಿವಿ ಗುಂಯ್ ಅಂದರೆ ಎಂಜಲು ನುಂಗಿ ಅಂತ ಕನ್ನಡದಲ್ಲಿ ಹೇಳಿಕೊಟ್ಟರು. ದೊಡ್ಡ ನಿಲ್ದಾಣಗಳಲ್ಲಿ ಗಾಲಿಕುರ್ಚಿ ಬರುತ್ತೆ, ಕೆಲಸ ಆಗುತ್ತೆ, ಅಷ್ಟೇ. ಇಲ್ಲಿ ಹಾರಾಟ ಇರುವ ದಿನವೂ ಒಂದೇ ವಿಮಾನ ಬಂದು ಹೋಗುವುದರಿಂದ ಎಲ್ಲರಿಗೂ ಪುರುಸೊತ್ತು ಇದೆ. ನಿಲ್ದಾಣ ಚಿಕ್ಕದಾಗಿರುವುದರ ಲಾಭ ವಯಸ್ಸಾದವರಿಗೆ ಸಿಗುತ್ತೆ. ಬಾಗಿಲಿಂದ ಸೆಕ್ಯೂರಿಟಿಗೆ, ಸೆಕ್ಯೂರಿಟಿಯಿಂದ ವಿಮಾನಕ್ಕೆ ನಾಲ್ಕು ಹೆಜ್ಜೆ. ಬೆಂಗಳೂರಿನಲ್ಲಿ ನಡೆದೂ ನಡೆದೂ ಸುಸ್ತಾಗುವ ಕಥೆ ಇಲ್ಲಿಲ್ಲ.

ಸಾಮಾನಿನ ಬಗ್ಗೆ ಒಂದು ಮಾತು, ಇದು ನಮ್ಮ ಕಡೆಯವರಿಗೆಲ್ಲ ಬೇಕಾಗುತ್ತೆ. ರೊಟ್ಟಿ, ಶೇಂಗಾ ಹಿಂಡಿ ಕೈಚೀಲದಲ್ಲಿ ಒಯ್ಯಬಹುದು. ಮೆಣಸಿನಕಾಯಿ ಉಪ್ಪಿನಕಾಯಿ ಒಯ್ಯುವ ಹಾಗಿಲ್ಲ, ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ, ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ. ಒಣ ಕೊಬ್ಬರಿ ಎರಡರಲ್ಲೂ ಬೇಡ, ಅದರಲ್ಲಿ ಎಣ್ಣೆ ಅಂಶ ಇರುವುದರಿಂದ ಬೆಂಕಿ ಹತ್ತುವ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ. ಸ್ಕ್ಯಾನರ್ ಹತ್ತಿರ ಹಿರಿಯರು ಕೊಬ್ಬರಿ ಬಟ್ಟಲು ತೆಗೆದು ಕೊಡುವುದನ್ನು ನೋಡಿದರೆ ಪಾಪ ಅನ್ನಿಸುತ್ತೆ. ಮನೆಯಿಂದ ಹೊರಡುವಾಗಲೇ ನೋಡಿಕೊಳ್ಳಿ. ಇನ್ನೊಂದು, ಇದು ವಾಯುಪಡೆಯ ರನ್‌ವೇ. ಇಳಿದ ತಕ್ಷಣ ಮೊಬೈಲ್ ತೆಗೆದು ಫೋಟೊ, ವಿಡಿಯೊ ಮಾಡಬೇಡಿ. ಅದಕ್ಕೆ ಅನುಮತಿ ಇಲ್ಲ.

ಇಷ್ಟೆಲ್ಲ ಚೆನ್ನಾಗಿರುವಾಗ ಇಂಥ ವಿಮಾನಗಳು ಯಾಕೆ ನಿಲ್ಲುತ್ತವೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಊರಲ್ಲಿ ಇದಕ್ಕೆ ಉತ್ತರ ಯಾವಾಗಲೂ "ರಾಜಕೀಯ" ಅಂತಲೇ ಇರುತ್ತೆ. ಅದು ಅರ್ಧ ಮಾತ್ರ ನಿಜ.

ಚಿಕ್ಕ ಊರುಗಳಿಗೂ ಕಮ್ಮಿ ದರದಲ್ಲಿ ವಿಮಾನ ಸಿಗಲಿ ಅಂತ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್‌ನಲ್ಲಿ, ಶಿಮ್ಲಾ–ದೆಹಲಿ ನಡುವೆ. ಯೋಜನೆ ಕೆಲಸ ಮಾಡುವುದು ಹೀಗೆ. ವಿಮಾನ ಕಂಪನಿಗಳು ಒಂದೊಂದು ರೂಟಿಗೆ ಬಿಡ್ ಹಾಕಬೇಕು. ಗೆದ್ದವರು ಸುಮಾರು ಅರ್ಧ ಸೀಟುಗಳನ್ನು ಸರ್ಕಾರ ಹೇಳಿದ ದರದ ಒಳಗೆ ಮಾರಬೇಕು. ಶುರುವಿನಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ ಅಂತ ಇತ್ತು. ಅದರಿಂದ ಬೀಳುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತೆ. ಅದರಲ್ಲಿ 80 ಪಾಲು ಕೇಂದ್ರದ ಕಡೆಯಿಂದ, 20 ಪಾಲು ರಾಜ್ಯದಿಂದ. ಕೇಂದ್ರದ ಪಾಲು ಬರುವುದು ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾಕಿದ ಸುಂಕದಿಂದ. ಅಂದರೆ ಬೆಂಗಳೂರು–ದೆಹಲಿ ಹೋಗುವವರು ನಮ್ಮ ಟಿಕೆಟಿಗೆ ಒಂದಿಷ್ಟು ಕೊಡುತ್ತಿದ್ದಾರೆ ಅಂತಾಯಿತು. ಇಳಿಯುವ ಶುಲ್ಕ, ನಿಲ್ಲಿಸುವ ಶುಲ್ಕ ಇಲ್ಲ. ಇಂಧನದ ಮೇಲಿನ ರಾಜ್ಯ ತೆರಿಗೆಯೂ ಇಂಥ ನಿಲ್ದಾಣಗಳಲ್ಲಿ ಶೇ. 1ಕ್ಕೆ ಇಳಿಯುತ್ತೆ. ಅಷ್ಟೇ ಅಲ್ಲ, ಮೂರು ವರ್ಷ ಆ ರೂಟಿನಲ್ಲಿ ಆ ಕಂಪನಿಗೆ ಪೈಪೋಟಿಯೂ ಇರುವುದಿಲ್ಲ.

ಮೂರು ವರ್ಷದಲ್ಲಿ ಜನರಿಗೆ ರೂಢಿ ಆಗುತ್ತೆ, ಸೀಟು ತುಂಬುತ್ತೆ, ಆಮೇಲೆ ಸಹಾಯ ಇಲ್ಲದೆ ನಡೆಯುತ್ತೆ ಅನ್ನುವುದು ಲೆಕ್ಕಾಚಾರ. ಆಗಿದ್ದೇನು? ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ 2023ರ ವರದಿಯಲ್ಲಿ ಇದೆ ನೋಡಿ. ಮೊದಲ ಮೂರು ಸುತ್ತಿನ ಬಿಡ್‌ನಲ್ಲಿ ಕೊಟ್ಟ 774 ರೂಟುಗಳಲ್ಲಿ ಶುರುವಾಗಿದ್ದೇ 371. ಅವುಗಳಲ್ಲಿ ಮೂರು ವರ್ಷ ಪೂರ್ತಿ ಓಡಿದ್ದು 112. ಸಹಾಯ ನಿಂತ ಮೇಲೂ ಓಡುತ್ತಿದ್ದದ್ದು, 2023ರ ಮಾರ್ಚ್ ಹೊತ್ತಿಗೆ, ಬರೀ 54. ನೂರಕ್ಕೆ ಏಳು. ಈ ಸಂಖ್ಯೆ ಓದಿದ ಮೇಲೆ ಬೀದರಿನದು ನಮ್ಮೊಬ್ಬರ ಹಣೆಬರಹ ಅಲ್ಲ ಅಂತ ಅರ್ಥವಾಯಿತು.

ಇದರ ಇನ್ನೊಂದು ಮುಖ ಬೆಳಗಾವಿಯವರಿಗೆ ಚೆನ್ನಾಗಿ ಗೊತ್ತು. ಅಲ್ಲಿನ ಸಾಂಬ್ರಾ ನಿಲ್ದಾಣ ಬ್ರಿಟಿಷರ ಕಾಲದ್ದು. ಹೊಸ ಟರ್ಮಿನಲ್ 2017ರಲ್ಲಿ ಉದ್ಘಾಟನೆಯಾಯಿತು. ಮರುವರ್ಷವೇ ವಿಮಾನಗಳು ಅಲ್ಲಿಂದ ಎದ್ದು ಹುಬ್ಬಳ್ಳಿಗೆ ಹೋದವು, ಯಾಕೆಂದರೆ ಉಡಾನ್ ಎರಡನೇ ಸುತ್ತಿನಲ್ಲಿ ಹುಬ್ಬಳ್ಳಿಯ ಹೆಸರಿತ್ತು, ಬೆಳಗಾವಿಯದು ಇರಲಿಲ್ಲ. ಸಹಾಯ ಎಲ್ಲಿದೆಯೋ ವಿಮಾನ ಅಲ್ಲಿಗೆ. ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಸಿಕ್ಕಿತು. ಆಗ ಸ್ಟಾರ್ ಏರ್ ಅಲ್ಲಿಂದ ಅಹಮದಾಬಾದ್, ಇಂದೋರ್, ನಾಶಿಕ್, ಜೋಧ್‌ಪುರ, ನಾಗಪುರ ಅಂತ ಒಂದಾದ ಮೇಲೊಂದು ರೂಟ್ ತೆಗೆಯಿತು. ಸೂರತ್ ಮೇಲೆ ಅಜ್ಮೀರ್ ಹತ್ತಿರದ ಕಿಶನ್‌ಗಢಕ್ಕೂ ವಿಮಾನ ಬಿಟ್ಟರು. ಬೆಳಗಾವಿ ಬಟ್ಟೆ ಅಂಗಡಿಯವರಿಗೆ ಸೂರತ್ ಅಂದರೆ ಸಗಟು ಸೀರೆ ಮಾರುಕಟ್ಟೆ, ಬೆಳಗಾವಿಯಲ್ಲಿ ನೆಲೆಸಿದ ರಾಜಸ್ಥಾನಿ ಮನೆತನಗಳಿಗೆ ಜೋಧ್‌ಪುರ ಅಂದರೆ ತವರು. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ನೋಡಿ ರೂಟ್ ಹಾಕುವ ಬುದ್ಧಿ ಈ ಕಂಪನಿಗೆ ಇದೆ, ಅದನ್ನು ಮೆಚ್ಚಲೇಬೇಕು. ಎಲ್ಲ ವಿಮಾನಗಳೂ ಬೆಂಗಳೂರು-ಮುಂಬೈ ಮೇಲೇ ಹೋಗಬೇಕು ಅಂತ ಏನಿದೆ? ಹುಬ್ಬಳ್ಳಿಯಿಂದ ದೆಹಲಿ ಪಕ್ಕದ ಹಿಂಡನ್‌ಗೆ ನೇರ ವಿಮಾನ ಹಾಕಿದ್ದೂ ಇವರೇ, 2019ರ ನವೆಂಬರ್‌ನಲ್ಲಿ. ಅದೇ ತಿಂಗಳು 22ರಂದು ಕಲಬುರಗಿ ನಿಲ್ದಾಣ ಉದ್ಘಾಟನೆ ಆದಾಗ ಹಾರಿದ ವಿಮಾನವೂ ಸ್ಟಾರ್ ಏರ್‌ನದೇ. 2023ರ ಜನವರಿಯಲ್ಲಿ ಬೆಂಗಳೂರಿನ ಎರಡನೇ ಟರ್ಮಿನಲ್ ಶುರುವಾದಾಗ ಅಲ್ಲಿಂದ ಹೊರಟ ಮೊದಲ ವಿಮಾನ ಯಾವುದು ಗೊತ್ತಾ? ಸ್ಟಾರ್ ಏರ್, ಕಲಬುರಗಿಗೆ. ಅಷ್ಟು ದೊಡ್ಡ ಟರ್ಮಿನಲ್ಲಿನ ಮೊದಲ ಪ್ರಯಾಣಿಕರು ನಮ್ಮ ಕಡೆಯವರು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಬೀದರಿನ ತೊಂದರೆ ಬೇರೆ. ನಮಗೆ ಪೈಪೋಟಿ ಇನ್ನೊಂದು ಕಂಪನಿಯಿಂದ ಅಲ್ಲ, ಶಂಶಾಬಾದ್‌ನಿಂದ. ಕಾರಿನಲ್ಲಿ ಮೂರು ಗಂಟೆ ಆಚೆ-ಈಚೆ. ಅಲ್ಲಿ ಬೆಂಗಳೂರಿಗೆ ಬೆಳಗ್ಗೆಯಿಂದ ರಾತ್ರಿವರೆಗೆ ವಿಮಾನವೋ ವಿಮಾನ. ಒಂದು ತಪ್ಪಿದರೆ ಇನ್ನೊಂದು. ನಾಲ್ಕಾರು ಕಂಪನಿ ಇರುವುದರಿಂದ ಮುಂಚೆ ಬುಕ್ ಮಾಡಿದರೆ ದರವೂ ಕಮ್ಮಿ ಸಿಗುತ್ತೆ. ನಮ್ಮಲ್ಲಿ ಡಾಕ್ಟರ ಹತ್ತಿರ ಹೋಗುವುದು, ಮದುವೆ ಜವಳಿ ತರುವುದು, ಮಕ್ಕಳ ಕಾಲೇಜು ನೋಡುವುದು ಎಲ್ಲದಕ್ಕೂ ನಿಜಾಮರ ಕಾಲದಿಂದಲೂ ಕಾಲು ಹೋಗುವುದು ಹೈದರಾಬಾದ್ ಕಡೆಗೇ. ಆ ಅಭ್ಯಾಸದ ಎದುರಿಗೆ ವಾರದ ಎಲ್ಲ ದಿನವೂ ಇಲ್ಲದ ಒಂದು ವಿಮಾನ ನಿಲ್ಲಬೇಕು. ಅದಕ್ಕೆ ಇರುವ ಒಂದೇ ಬಲ ಎಂದರೆ ಸಮಯ ಉಳಿತಾಯ, ಮನೆ ಹತ್ತಿರ ಇಳಿಯುವ ಸುಖ. ಆದರೆ ಮಂಗಳವಾರ ಕೆಲಸ ಇರುವವನಿಗೆ ಬುಧವಾರದ ವಿಮಾನದಿಂದ ಏನು ಪ್ರಯೋಜನ ಹೇಳಿ. ಆತ ಹೈದರಾಬಾದ್ ದಾರಿ ಹಿಡಿಯುತ್ತಾನೆ. ಮುಂದಿನ ಸಲವೂ ಅದೇ ದಾರಿ ಹಿಡಿಯುತ್ತಾನೆ, ಯಾಕೆಂದರೆ ಅದು ಯಾವತ್ತೂ ಇರುತ್ತೆ ಅಂತ ಗೊತ್ತು. ಸೀಟು ಖಾಲಿ ಹೋಗುತ್ತೆ. ಖಾಲಿ ಹೋಗುತ್ತೆ ಅಂತ ಹಾರಾಟ ಕಮ್ಮಿ ಮಾಡುತ್ತಾರೆ. ಕಮ್ಮಿ ಆಯಿತು ಅಂತ ಜನ ಇನ್ನೂ ದೂರ ಆಗುತ್ತಾರೆ.

ಈ ಸುತ್ತನ್ನು ಮುರಿಯಬೇಕಾದವರು ಪ್ರಯಾಣಿಕರಲ್ಲ. ಊರಿನ ಮೇಲೆ ಅಭಿಮಾನ ಇಟ್ಟುಕೊಂಡು ಇದರಲ್ಲೇ ಹೋಗಿ ಅಂತ ಕೆಲವರು ಹೇಳುತ್ತಾರೆ, ಅವರ ಕಾಳಜಿ ಅರ್ಥವಾಗುತ್ತೆ. ಆದರೆ ಸಂದರ್ಶನಕ್ಕೆ ಹೋಗುವ ಹುಡುಗಿಗೆ, ಆಪರೇಷನ್ ತಾರೀಖು ಸಿಕ್ಕ ರೋಗಿಗೆ ಅಭಿಮಾನದ ಮೇಲೆ ಟಿಕೆಟ್ ಬುಕ್ ಮಾಡಿ ಅಂತ ಹೇಳಲಾಗುವುದಿಲ್ಲ. ವಿಮಾನ ನಾಳೆಯೂ ಇದೆ, ಮುಂದಿನ ತಿಂಗಳೂ ಇದೆ, ದಸರಾಕ್ಕೂ ಇದೆ ಅನ್ನುವ ಧೈರ್ಯವನ್ನು ಮೊದಲು ಕಂಪನಿ ಮತ್ತು ಸರ್ಕಾರ ಕೊಡಬೇಕು. ಜನ ತಾವಾಗಿಯೇ ಬರುತ್ತಾರೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿಗೆ ಎಟಿಆರ್ ಹಾರಿಸಿದಾಗ ಚಿಕ್ಕ ಊರಿನವರು ವಿಮಾನ ಹತ್ತುತ್ತಾರಾ ಅಂತ ಅನುಮಾನ ಪಟ್ಟವರು ಬಹಳ ಜನ. ಹತ್ತಿದರಲ್ಲ. ಈಗ ಹುಬ್ಬಳ್ಳಿ ನಿಲ್ದಾಣ ನೋಡಿ.

ಚಿಕ್ಕ ಕಂಪನಿಗೆ ಒಂದು ನಿಜವಾದ ಕಷ್ಟವೂ ಇದೆ, ಅದನ್ನು ಒಪ್ಪಬೇಕು. ನೂರಾರು ವಿಮಾನ ಇರುವವರಿಗೆ ಒಂದು ಕೆಟ್ಟರೆ ಬದಲಿ ತರಬಹುದು. ಕೈಬೆರಳಲ್ಲಿ ಎಣಿಸುವಷ್ಟು ವಿಮಾನ ಇರುವವರಿಗೆ ಅದಾಗಲ್ಲ. ಒಂದೇ ವಿಮಾನ ಬೆಳಗ್ಗೆ ಒಂದೂರು, ಮಧ್ಯಾಹ್ನ ಇನ್ನೊಂದೂರು, ಸಂಜೆ ಮತ್ತೊಂದೂರು ಅಂತ ಸುತ್ತುತ್ತೆ. ಬೆಳಗ್ಗೆ ಮಂಜು ಬಿದ್ದು ಒಂದು ಕಡೆ ತಡವಾದರೆ ಸಂಜೆಯ ಊರಿನವರಿಗೂ ಕಾಯುವ ಶಿಕ್ಷೆ. ಹಾಗಾಗಿ ಇಂಥ ವಿಮಾನ ಇಳಿದು ಎರಡೇ ಗಂಟೆಯಲ್ಲಿ ಬೇರೆ ಕಂಪನಿಯ ಅಂತಾರಾಷ್ಟ್ರೀಯ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಎರಡೂ ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಯಿತು ಅಂತ ಎರಡನೆಯವರು ಕಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ.

ರದ್ದಾದರೆ ಏನು ಅನ್ನುವುದನ್ನೂ ತಿಳಿದುಕೊಂಡಿರಿ. ನನ್ನ ಅನುಭವ ಬೇರೆ ಒಂದು ಕಂಪನಿಯದು, ಬೇರೆ ಊರಿನದು, ಹೆಸರು ಹೇಳುವುದಿಲ್ಲ. ರಾತ್ರಿ ಮಲಗುವ ಹೊತ್ತಿಗೆ ಮೆಸೇಜ್ ಬಂತು, ನಾಳೆ ಬೆಳಗಿನ ವಿಮಾನ ಇಲ್ಲ. ಅದರಲ್ಲಿ ಇದ್ದದ್ದು ಎರಡೇ ಆಯ್ಕೆ, ಎರಡು ದಿನ ಬಿಟ್ಟು ಹೋಗುವುದು ಅಥವಾ ಹಣ ವಾಪಸ್. ಪರಿಹಾರ ಅನ್ನುವ ಶಬ್ದವೇ ಅದರಲ್ಲಿ ಇರಲಿಲ್ಲ. ಕಾಕಾ ಒಬ್ಬರು ವಿಮಾನಯಾನ ಇಲಾಖೆಯ ನಿಯಮ ನೋಡು ಅಂದರು, ನೋಡಿದೆ. ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಡಿಜಿಸಿಎ ನಿಯಮದಲ್ಲಿ ಸ್ಪಷ್ಟವಾಗಿ ಇದೆ. ಎರಡು ವಾರ ಮೊದಲೇ ತಿಳಿಸದಿದ್ದರೆ ಬದಲಿ ವಿಮಾನ ಅಥವಾ ಹಣ ವಾಪಸ್ ಕೊಡಬೇಕು. ಹೊರಡುವ ಸಮಯಕ್ಕೆ 24 ಗಂಟೆಯೂ ಇಲ್ಲದಿರುವಾಗ ಹೇಳಿದರೆ ಅದರ ಮೇಲೆ ಪರಿಹಾರವೂ ಬರಬೇಕು. ಒಂದು ಗಂಟೆಯೊಳಗಿನ ಪ್ರಯಾಣಕ್ಕೆ 5,000, ಒಂದರಿಂದ ಎರಡು ಗಂಟೆಯದಕ್ಕೆ 7,500, ಅದಕ್ಕಿಂತ ಜಾಸ್ತಿಯದಕ್ಕೆ 10,000 ರೂಪಾಯಿ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣ ಆದರೆ ಪರಿಹಾರ ಇಲ್ಲ. ಬುಕ್ ಮಾಡುವಾಗ ನಿಮ್ಮ ಸ್ವಂತ ಮೊಬೈಲ್ ನಂಬರ್ ಕೊಟ್ಟಿರಬೇಕು, ಏಜೆಂಟನ ನಂಬರ್ ಇದ್ದರೆ ಮೆಸೇಜ್ ಅವನಿಗೆ ಹೋಗುತ್ತೆ, ನಿಮಗೆ ಗೊತ್ತೇ ಆಗಲ್ಲ, ಆಮೇಲೆ ತಿಳಿಸಿದ್ದೆವು ಅಂತ ಕಂಪನಿಯವರು ಹೇಳಿದರೆ ವಾದ ಮಾಡುವುದು ಕಷ್ಟ. ನಮ್ಮ ಊರುಗಳಲ್ಲಿ ಇನ್ನೂ ಬಹಳ ಜನ ಅಂಗಡಿಯಲ್ಲಿ ಟಿಕೆಟ್ ಮಾಡಿಸುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸ್ಟಾರ್ ಏರ್‌ನವರು ಇದನ್ನು ಓದುವಂತಿದ್ದರೆ ನನ್ನ ಬೇಡಿಕೆ ದೊಡ್ಡದೇನಲ್ಲ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಆ ಎರಡು ತಾರೀಖಿಗೆ ಮೊದಲೇ ಬೀದರಿನ ಮುಂದಿನ ಆರು ತಿಂಗಳ ದಿನ ಮತ್ತು ಸಮಯ ಗಟ್ಟಿಯಾಗಿ ಹೇಳಿಬಿಡಿ, ಟಿಕೆಟ್ ಮಾರಾಟಕ್ಕೆ ಬಿಡಿ. ವಾರಕ್ಕೆ ಎಷ್ಟೇ ದಿನ ಇರಲಿ, ಸೋಮವಾರ ಬೆಳಗ್ಗೆ ಬೆಂಗಳೂರಿಗೆ ಒಂದು, ವಾರದ ಕೊನೆಗೆ ಊರಿಗೆ ಒಂದು ತಪ್ಪದೆ ಇರಲಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರು ಆ ಎರಡು ದಿನ ಸಿಕ್ಕರೆ ಹಬ್ಬಕ್ಕೆ ಮಾತ್ರ ಅಲ್ಲ, ಸುಮ್ನೆ ಅಪ್ಪ-ಅಮ್ಮನ ಮುಖ ನೋಡಲೂ ಬರುತ್ತೇವೆ. ನಿಲ್ಲಿಸಲೇಬೇಕಾದ ಪರಿಸ್ಥಿತಿ ಬಂದರೆ ಎರಡು ತಿಂಗಳು ಮುಂಚೆ ಊರಿನ ಪೇಪರಿನಲ್ಲಿ ಹಾಕಿ. ಬುಕಿಂಗ್ ಸೈಟಿನಲ್ಲಿ ತಾರೀಖು ಕಾಣಿಸದೆ ಹೋದಾಗ ಜನಕ್ಕೆ ಗೊತ್ತಾಗುವುದು ಬೇಡ.

ರಾಜ್ಯ ಸರ್ಕಾರಕ್ಕೂ ಒಂದು ಮಾತಿದೆ. ನಷ್ಟ ತುಂಬಿಕೊಡಲು ಬಂದಿದ್ದು ಒಳ್ಳೆಯದಾಯಿತು. ಆದರೆ ಒಂದೊಂದು ವರ್ಷದ ಲೆಕ್ಕದಲ್ಲಿ ಕೊಟ್ಟರೆ ಕಂಪನಿಯೂ ಒಂದೇ ವರ್ಷದ ಮಟ್ಟಿಗೆ ಯೋಚನೆ ಮಾಡುತ್ತೆ. ರಸ್ತೆಗೆ, ಬಸ್ಸಿಗೆ ಹಣ ಹಾಕುವಾಗ ಐದು ವರ್ಷ, ಹತ್ತು ವರ್ಷ ಮುಂದೆ ನೋಡುವುದಿಲ್ಲವಾ? ಬೀದರ್ ರಾಜ್ಯದ ತುತ್ತತುದಿಯ ಜಿಲ್ಲೆ. ಇಲ್ಲಿಂದ ವಿಧಾನಸೌಧಕ್ಕೆ ಹೋಗಿ ಒಂದು ಫೈಲ್ ವಿಚಾರಿಸಿ ಬರುವುದು ಅಂದರೆ ಎರಡು ರಾತ್ರಿ ರೈಲಿನಲ್ಲಿ, ನಡುವೆ ಒಂದು ಹಗಲು ಬೆಂಗಳೂರಿನಲ್ಲಿ. ಮೈಸೂರಿನವರು ತಿಂಡಿ ತಿಂದು ಹೊರಟು ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ಈ ದೂರ ಕಮ್ಮಿ ಮಾಡುವ ಸಾಧನ ಸದ್ಯಕ್ಕೆ ಈ ವಿಮಾನ ಒಂದೇ.

ಸರಿ, ಯಾರು ಇದರಲ್ಲಿ ಹೋಗಬೇಕು? ವಯಸ್ಸಾದವರು, ಕಾಲುನೋವು ಇರುವವರು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವವರು, ನಿಮಗೆ ದಿನ ಹೊಂದಿದರೆ ಬೇರೆ ಯೋಚನೆಯೇ ಬೇಡ. ಕಲಬುರಗಿ ದಾರಿಯಲ್ಲಿರುವ ಹುಮನಾಬಾದ್ ಕಡೆಯವರು, ಭಾಲ್ಕಿ, ಔರಾದ್‌ನವರು, ಗಡಿ ಆಚೆ ಉದಗೀರ್ ಕಡೆಯವರೂ ನೋಡಬಹುದು. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಬೆಂಗಳೂರಿನಿಂದ ಬರುವ ಸಿಖ್ ಭಕ್ತರಿಗಂತೂ ಇದು ಬಹಳ ಅನುಕೂಲ. ಸಿಖ್ಖರ ಇನ್ನೊಂದು ಯಾತ್ರಾಸ್ಥಳ ನಾಂದೇಡ್‌ಗೂ ಸ್ಟಾರ್ ಏರ್ ವಿಮಾನ ಇಟ್ಟಿದೆ, ಹಾಗಾಗಿ ಬೀದರಿನಲ್ಲಿ ಇಳಿದು ರಸ್ತೆಯಲ್ಲಿ ಹೋಗಿ ನಾಂದೇಡ್‌ನಿಂದ ವಾಪಸ್ ಹಾರುವ ದಾರಿಯೂ ಸಾಧ್ಯ. ಪರೀಕ್ಷೆ, ಸಂದರ್ಶನ, ಕೋರ್ಟ್ ತಾರೀಖು ಇರುವವರು ಒಂದು ದಿನ ಮೊದಲಿನ ವಿಮಾನ ಹಿಡಿಯಿರಿ, ಅದು ಇಲ್ಲದಿದ್ದರೆ ರೈಲು. ಅಂತಾರಾಷ್ಟ್ರೀಯ ವಿಮಾನ ಹಿಡಿಯಬೇಕಾದವರಿಗೆ ಈಗಲೂ ಶಂಶಾಬಾದ್ ಒಳ್ಳೆಯದು.

ದರದ ಬಗ್ಗೆ ಗಟ್ಟಿಯಾಗಿ ಒಂದು ಸಂಖ್ಯೆ ಹೇಳಲು ಆಗುವುದಿಲ್ಲ, ದಿನ ದಿನಕ್ಕೆ ಏರಿಳಿತ ಇದ್ದೇ ಇರುತ್ತೆ. ಹೋಲಿಸುವಾಗ ಮಾತ್ರ ಸರಿಯಾಗಿ ಹೋಲಿಸಿ. ಹೈದರಾಬಾದ್ ಟಿಕೆಟ್ ಅಗ್ಗ ಅಂತ ಕಂಡರೂ ಬೀದರಿನಿಂದ ಶಂಶಾಬಾದ್‌ಗೆ ಕಾರಿನ ಬಾಡಿಗೆ, ಟೋಲ್, ದಾರಿಯ ಊಟ, ಬೆಳಗಿನ ವಿಮಾನ ಆದರೆ ಮಧ್ಯರಾತ್ರಿ ಎದ್ದು ಹೊರಡುವ ಸುಸ್ತು ಇದನ್ನೆಲ್ಲ ಕೂಡಿಸಿ. ಇಬ್ಬರು ಹೋಗುವುದಾದರೆ ಬಹಳ ಸಲ ಬೀದರ್ ವಿಮಾನವೇ ಅಗ್ಗ ಬೀಳುತ್ತೆ. ನಾಲ್ಕು ಜನ ಒಂದೇ ಕಾರಿನಲ್ಲಿ ಹೋಗುವುದಾದರೆ ಹೈದರಾಬಾದ್ ಗೆಲ್ಲಬಹುದು. ಬೆಂಗಳೂರಿನಲ್ಲಿ ಯಾವ ಟರ್ಮಿನಲ್ ಅಂತ ಟಿಕೆಟಿನಲ್ಲಿ ನೋಡಿಕೊಂಡು ಹೊರಡಿ. ಹೋಗುವ ದಿನಕ್ಕೆ ಇದು ಇದ್ದು ಬರುವ ದಿನಕ್ಕೆ ಇಲ್ಲದಿದ್ದರೆ ಪೂರ್ತಿ ಬಿಡಬೇಡಿ. ಹೋಗುವಾಗ ಇದರಲ್ಲಿ ಹೋಗಿ, ಬರುವಾಗ ರೈಲೋ ಹೈದರಾಬಾದೋ ಯಾವುದಾದರೂ ಆಗಲಿ.

ನನ್ನ ಅಂಕ: ವಿಮಾನಕ್ಕೆ 5, ಸಿಬ್ಬಂದಿಗೆ 5, ಬೀದರ್ ಟರ್ಮಿನಲ್ಲಿಗೆ 4, ವಾರದ ದಿನಗಳ ಆಯ್ಕೆಗೆ 2. ರೂಟ್ ಉಳಿಯುತ್ತೆ ಅನ್ನುವ ಭರವಸೆಗೆ ಈಗಲೇ ಅಂಕ ಹಾಕುವುದಿಲ್ಲ, ಎರಡು ವೇಳಾಪಟ್ಟಿ ಬದಲಾವಣೆ ದಾಟಿ ನಿಲ್ಲಲಿ, ಆಮೇಲೆ ಹಾಕುತ್ತೇನೆ.